ಪದಕದಾಚೆಗೆ ನೋಡಿದ ಗಣಿತಜ್ಞ

ಶಾಲಾ ಮಕ್ಕಳ ವಿಜ್ಞಾನ ಸ್ಪರ್ಧೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪದಕ, ರ‍್ಯಾಂಕು ಮತ್ತು ತರಬೇತಿ ಕೇಂದ್ರಗಳ ಜಾಹೀರಾತು. ಸೋವಿಯತ್ ಒಕ್ಕೂಟದಲ್ಲಿ ಇಂಥ ಸ್ಪರ್ಧೆಗಳಿಗೆ ರೂಪ ಕೊಟ್ಟವರಲ್ಲಿ ಪ್ರಮುಖರಾದ ಆಂದ್ರೇ ಕೊಲ್ಮೊಗೊರೊವ್ ಅವರಿಗೆ ಪದಕ ಮುಖ್ಯವಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಅಗ್ರಗಣ್ಯ ಗಣಿತಜ್ಞರಲ್ಲೊಬ್ಬರಾದ ಅವರು ಅರವತ್ತರ ವಯಸ್ಸಿನಲ್ಲಿ ಶಾಲಾ ಹುಡುಗರ ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ನಿಂತರು ಎಂಬುದೇ ಇದಕ್ಕೆ ಸಾಕ್ಷಿ.

1903ರ ಏಪ್ರಿಲ್ 25ರಂದು ರಷ್ಯದ ತಾಂಬೋವ್‌ನಲ್ಲಿ ಹುಟ್ಟಿದ ಅವರು ಹೆರಿಗೆಯಲ್ಲೇ ತಾಯಿಯನ್ನು ಕಳೆದುಕೊಂಡರು. ಯಾರೊಸ್ಲಾವ್ಲ್ ಸಮೀಪದ ತಾತನ ಮನೆಯಲ್ಲಿ ತಾಯಿಯ ಸಹೋದರಿ ವೆರಾ ಅವರನ್ನು ಸಾಕಿದರು. ಆ ಮನೆಯಲ್ಲೇ ನಡೆಯುತ್ತಿದ್ದ ಪುಟ್ಟ ಶಾಲೆ ಮಕ್ಕಳದೇ ಒಂದು ಪತ್ರಿಕೆ ಹೊರತರುತ್ತಿತ್ತು. ಬೆಸ ಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡುತ್ತ ಹೋದರೆ ಪ್ರತಿ ಹೆಜ್ಜೆಯಲ್ಲೂ ಒಂದು ವರ್ಗಸಂಖ್ಯೆ ಸಿಗುತ್ತದೆಂಬ ತನ್ನ ಶೋಧವನ್ನು ಬಾಲಕ ಅದರಲ್ಲೇ ಪ್ರಕಟಿಸಿದ. ಕಲಿತದ್ದನ್ನು ಒಡನಾಡಿಗಳ ಮುಂದಿಡುವ ಈ ಅಭ್ಯಾಸವೇ ಮುಂದೆ ಅವರ ಬೋಧನೆಯ ತಿರುಳಾಯಿತೆನ್ನಬಹುದು.

ಕ್ರಾಂತಿಯ ಮರುವರ್ಷಗಳ ಬಡತನದಲ್ಲಿ ರೈಲಿನ ಕಂಡಕ್ಟರ್ ಕೆಲಸವನ್ನೂ ಮಾಡಿ, 1920ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯ ಸೇರಿದರು. ಆರಂಭದಲ್ಲಿ ಅವರನ್ನು ಸೆಳೆದದ್ದು ಮಧ್ಯಯುಗದ ನವ್‌ಗೊರೊದ್‌ನ ಭೂ ಒಡೆತನದ ಇತಿಹಾಸ. ಆದರೆ ಇತಿಹಾಸದಲ್ಲಿ ಒಂದು ಮಾತನ್ನು ಒಪ್ಪಿಸಲು ಒಂದೇ ಪ್ರಮಾಣ ಸಾಲದೆಂದು ತಿಳಿದಾಗ, ಒಂದೇ ಸಾಧನೆ ಸಾಕಾಗುವ ಗಣಿತವನ್ನು ಆರಿಸಿಕೊಂಡರೆಂಬ ಕಥೆ ಪ್ರಸಿದ್ಧ. 1933ರಲ್ಲಿ ಅವರು ಪ್ರಕಟಿಸಿದ ಕಿರುಪುಸ್ತಕ ಸಂಭವನೀಯತಾ ಸಿದ್ಧಾಂತಕ್ಕೆ ಇಂದಿಗೂ ತಳಹದಿ.

ಸಂಶೋಧನೆಗೆ ಕಾಲಿಡುತ್ತಿದ್ದಾಗಲೇ, 1922ರಿಂದ 1925ರವರೆಗೆ, ಮಾಸ್ಕೋದ ಶಾಲೆಯೊಂದರಲ್ಲಿ ಪಾಠ ಹೇಳಿದ್ದ ಅವರು 1935ರಲ್ಲಿ ಆರಂಭವಾದ ಮಾಸ್ಕೋ ಗಣಿತ ಒಲಿಂಪಿಯಾಡ್‌ನ ಸಂಘಟಕರಲ್ಲೊಬ್ಬರಾದರು. ಎಳೆಯರನ್ನು ಗಂಭೀರವಾಗಿ ಪರಿಗಣಿಸುವ ಅವರ ಗುಣದ ಪರಿಚಯ ಭಾರತಕ್ಕೂ ಆಗಿದೆ. 1962ರಲ್ಲಿ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಅವರು ಬಂದಿದ್ದರು. 2007ರಲ್ಲಿ ಆಬೆಲ್ ಪ್ರಶಸ್ತಿ ಪಡೆದ ಎಸ್. ಆರ್. ಶ್ರೀನಿವಾಸ ವರದನ್ ಅವರ ಪಿಎಚ್.ಡಿ. ಪ್ರಬಂಧದ ಪರೀಕ್ಷಕರಲ್ಲಿ ಅವರೂ ಒಬ್ಬರು.

ಮರುವರ್ಷ, ಡಿಸೆಂಬರ್ 1963ರಲ್ಲಿ, ಮಾಸ್ಕೋದಲ್ಲಿ 18ನೇ ಸಂಖ್ಯೆಯ ವಸತಿಶಾಲೆ ತೆರೆಯಿತು. ರಾಜಧಾನಿಯ ಮಕ್ಕಳಿಗೆ ಒಳ್ಳೆಯ ಶಾಲೆಗಳು ಹೇಗೂ ಇದ್ದವು; ಈ ಶಾಲೆ ಹುಡುಕಿದ್ದು ಸಣ್ಣ ಊರುಗಳ, ಹಳ್ಳಿಗಳ ಪ್ರತಿಭೆಯನ್ನು. ಒಲಿಂಪಿಯಾಡ್ ಅಲ್ಲಿ ಹೆಬ್ಬಾಗಿಲಾಗಿತ್ತೇ ಹೊರತು ಗುರಿಯಾಗಿರಲಿಲ್ಲ. ಗಣಿತದ ಜೊತೆಗೆ ಕೊಲ್ಮೊಗೊರೊವ್ ಮಕ್ಕಳಿಗೆ ಸಂಗೀತ ಕೇಳಿಸಿದರು, ಕಾವ್ಯದ ಬಗ್ಗೆ ಮಾತನಾಡಿದರು, ದೂರದೂರ ನಡೆಸಿಕೊಂಡು ಹೋದರು. ಸ್ಪರ್ಧೆಯಲ್ಲಿ ಸೋತವನು ಗಣಿತಕ್ಕೆ ಅಯೋಗ್ಯನೆಂದು ಅವರು ಎಂದೂ ಭಾವಿಸಲಿಲ್ಲ. ಗಡಿಯಾರದೊಡನೆ ಓಡುವ ಚುರುಕೇ ಬೇರೆ, ಒಂದೇ ಸಮಸ್ಯೆಯ ಜೊತೆ ವರ್ಷಗಟ್ಟಲೆ ಕೂರುವ ತಾಳ್ಮೆಯೇ ಬೇರೆ ಎಂಬುದನ್ನು ಸ್ವಂತ ಅನುಭವದಿಂದ ಬಲ್ಲವರು ಅವರು.

ಇದೇ ದಶಕದಲ್ಲಿ ಲೆನಿನ್‌ಗ್ರಾಡ್‌ನ ಶಿಕ್ಷಕ ಯೋಸಿಫ್ ವೆರೆಬೆಯ್ಚಿಕ್ ಗಣಿತ ಕಾಳಗವೆಂಬ ತಂಡಸ್ಪರ್ಧೆಯನ್ನು ರೂಪಿಸಿದರು. ಎರಡು ತಂಡಗಳಿಗೂ ಅವೇ ಸಮಸ್ಯೆಗಳು. ಕೆಲವು ಗಂಟೆ ಒಟ್ಟಿಗೆ ಚರ್ಚಿಸಿದ ಮೇಲೆ ಒಂದು ತಂಡ ಇನ್ನೊಂದಕ್ಕೆ ಸವಾಲು ಹಾಕುತ್ತದೆ. ಒಬ್ಬ ಹಲಗೆಯ ಮುಂದೆ ಪರಿಹಾರ ವಿವರಿಸಿದರೆ, ಎದುರಾಳಿ ಅದರ ಬಿರುಕು ಹುಡುಕುತ್ತಾನೆ. ತನಗೇ ಬಾರದ ಲೆಕ್ಕವನ್ನು ಮುಂದಿಟ್ಟು ಸಿಕ್ಕಿಬಿದ್ದ ತಂಡಕ್ಕೆ ದಂಡ! ಉತ್ತರ ಗೊತ್ತಿದ್ದರೆ ಸಾಲದು, ಅದನ್ನು ಸಮರ್ಥಿಸಿಕೊಳ್ಳಬೇಕು. ಒಂಟಿ ಪರೀಕ್ಷೆಗಿಂತ ಇದು ವಿಜ್ಞಾನದ ನಿಜವಾದ ವ್ಯವಹಾರಕ್ಕೆ ಹೆಚ್ಚು ಹತ್ತಿರ ಎಂಬುದು ನನ್ನ ಅಭಿಪ್ರಾಯ.

ಕೆಲವು ನೂರು ಮಕ್ಕಳ ನಡುವೆ ಗೆದ್ದ ಕೊಲ್ಮೊಗೊರೊವ್ ಕೋಟ್ಯಂತರ ಮಕ್ಕಳ ಮುಂದೆ ಮಾತ್ರ ಸೋತರು. 1970ರ ದಶಕದಲ್ಲಿ ಅವರ ಮುಂದಾಳತ್ವದಲ್ಲಿ ಇಡೀ ದೇಶದ ಶಾಲಾ ಗಣಿತ ಪಠ್ಯ ಬದಲಾಯಿತು. ಗಣಸಿದ್ಧಾಂತದ ಭಾಷೆಯಲ್ಲಿ, ನಿಖರ ವ್ಯಾಖ್ಯೆಗಳಲ್ಲಿ ಬರೆದ ಪುಸ್ತಕಗಳು ಶಿಕ್ಷಕರಿಗೂ ಪೋಷಕರಿಗೂ ಕಬ್ಬಿಣದ ಕಡಲೆಯಾದವು. 1978ರಲ್ಲಿ ವಿಜ್ಞಾನ ಅಕಾಡೆಮಿಯ ಗಣಿತಜ್ಞರೇ ಅವನ್ನು ತಿರಸ್ಕರಿಸಿದರು. 1980ರಲ್ಲಿ ಲೆವ್ ಪೊಂತ್ರ್ಯಾಗಿನ್ ಪಕ್ಷದ ಪತ್ರಿಕೆಯಲ್ಲೇ ಕಟುವಾಗಿ ಟೀಕಿಸಿದರು. ಟೀಕೆಯ ದನಿ ಅನಗತ್ಯವಾಗಿ ಕ್ರೂರವಾಗಿತ್ತು, ನಿಜ. ಆದರೆ ಆಯ್ದ ಮಕ್ಕಳಿಗೆ ಒಗ್ಗಿದ್ದು ಎಲ್ಲರಿಗೂ ಒಗ್ಗೀತೆಂದು ನಂಬಿದ್ದು ಅವರ ತಪ್ಪೇ. ವಸತಿಶಾಲೆಯಲ್ಲಿ ಪುಸ್ತಕದ ಜೊತೆ ಅವರೇ ಇರುತ್ತಿದ್ದರು. ದೂರದ ಹಳ್ಳಿಯ ತರಗತಿಗೆ ಹೋದದ್ದು ಪುಸ್ತಕ ಮಾತ್ರ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಅವರ ಮಾತನ್ನು ಕುಗ್ಗಿಸಿತು, ದೃಷ್ಟಿಯೂ ಮಂಕಾಯಿತು. ಶಿಷ್ಯರು ಸರದಿಯ ಮೇಲೆ ಬಳಿಯಲ್ಲಿದ್ದು ನೋಡಿಕೊಂಡರು. 1987ರ ಅಕ್ಟೋಬರ್ 20ರಂದು ಅವರು ತೀರಿಕೊಂಡರು. ಮರುವರ್ಷ, 1979ರಿಂದ ಮಾಸ್ಕೋದಲ್ಲಿ ನಡೆಯುತ್ತಿದ್ದ ತರುಣ ಭೌತವಿಜ್ಞಾನಿಗಳ ತಂಡಸ್ಪರ್ಧೆ ಅಂತರರಾಷ್ಟ್ರೀಯವಾಯಿತು. ಅದರಲ್ಲಿ ಸಮಸ್ಯೆಗಳನ್ನು ತಿಂಗಳುಗಳ ಮೊದಲೇ ಕೊಡಲಾಗುತ್ತದೆ. ಪ್ರಯೋಗ ಮಾಡಿ ಬಂದ ಹುಡುಗ ಹುಡುಗಿಯರು ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ಎದುರೆದುರೇ ಪ್ರಶ್ನಿಸುತ್ತಾರೆ.