ಪದ ಕೇಳುತ್ತ ಹೋದ ಕಿಟೆಲ್

ನಾನು ಓದಿದ್ದು ಕನ್ನಡ ಎಂ.ಎ., ಸದ್ಯ ಮಾಡುತ್ತಿರುವುದು ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಚೀಟಿ ಬರೆಯುವ ಕೆಲಸ. ದಿನಾ ಸಿದ್ದಾಪುರದಿಂದ ಬಸ್ಸಿನಲ್ಲಿ ಓಡಾಟ. ಮೊದಲ ವಾರವೇ ಬಿಳೆಗೋಟನ್ನು ಕೆಂಪುಗೋಟು ಎಂದು ಬರೆದೆ. ಅಡಿಕೆ ಆರಿಸುವ ಅಕ್ಕ ತಿದ್ದಿದರು. ಓದು ಬಾರದ ಅವರಿಂದ ತಿದ್ದಿಸಿಕೊಂಡೆನಲ್ಲ ಎಂದು ಮುಖ ಊದಿಸಿಕೊಂಡೆ.

ಸಂಜೆ 'ಗೋಟು' ಪದ ಹುಡುಕಲು ಕಿಟೆಲ್ ನಿಘಂಟು ತೆರೆದವನು, ಪದ ಬಿಟ್ಟು ಆ ಮನುಷ್ಯನ ಬಗ್ಗೆಯೇ ಯೋಚಿಸುತ್ತ ಕುಳಿತೆ.

ಫರ್ಡಿನೆಂಡ್ ಕಿಟೆಲ್ 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಪಾದ್ರಿಯ ಮಗ. ಬಾಸೆಲ್ ಮಿಷನ್ ಅವರನ್ನು 1853ರಲ್ಲಿ ಇಲ್ಲಿಗೆ ಕಳಿಸಿತು. ಶಿಷ್ಯರ ಕಾಲು ತೊಳೆದ ಯೇಸುವಿನ ಕಥೆ ಹೇಳಲು ಬಂದವರು ತಾವೇ ಶಿಷ್ಯರಾದರು. ಗ್ರೀಕ್, ಹೀಬ್ರೂ ಬಲ್ಲ ವಿದ್ವಾಂಸ ಪಂಡಿತರ ಮುಂದೆ ಕುಳಿತು ಹಳಗನ್ನಡ ಕಲಿತರು. ಜನರ ಬಾಯಿಂದ ಆಡುಮಾತು, ಗಾದೆಗಳನ್ನು ಕೂಡಿಸಿಕೊಂಡರು. ಯೇಸುವಿನ ಕಥೆಯನ್ನೂ 'ಕಥಾಮಾಲೆ'ಯಲ್ಲಿ ನಮ್ಮ ಛಂದಸ್ಸಿನಲ್ಲೇ ಬರೆದರು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದರು.

ಊರಿಗೆ ಮರಳಿದ್ದವರು ನಿಘಂಟಿನ ಕೆಲಸಕ್ಕೆಂದೇ 1883ರಲ್ಲಿ ಮತ್ತೆ ಬಂದರು. ವಯಸ್ಸು ಐವತ್ತು ದಾಟಿತ್ತು, ಕಣ್ಣು ಸೋಲುತ್ತಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂತು: ಸುಮಾರು 70,000 ಪದಗಳು! ನನಗೆ ದೊಡ್ಡದೆನಿಸುವುದು ಈ ಲೆಕ್ಕವಲ್ಲ, ಅಷ್ಟು ವರ್ಷ ಕೇಳುತ್ತಲೇ ಇದ್ದ ತಾಳ್ಮೆ. 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.

ಮರುದಿನ ಆ ಅಕ್ಕನ ಪಕ್ಕ ಗೋಣಿಚೀಲ ಹಾಸಿ ಕುಳಿತೆ. ತಟ್ಟಿಬೆಟ್ಟೆ ಯಾವುದು ಎಂದು ಕೇಳಿದೆ. ಅವರು ನಕ್ಕು ನನ್ನ ಕೈಗೆ ಒಂದು ಹಿಡಿ ಅಡಿಕೆ ಸುರಿದರು.