ಎಲೆನ್ ಸ್ವಾಲೋ ರಿಚರ್ಡ್ಸ್

ಎಲೆನ್ ಹೆನ್ರಿಯೆಟ್ಟಾ ಸ್ವಾಲೋ ರಿಚರ್ಡ್ಸ್ (ಡಿಸೆಂಬರ್ 3, 1842 – ಮಾರ್ಚ್ 30, 1911) ಅಮೆರಿಕದ ರಸಾಯನಶಾಸ್ತ್ರಜ್ಞೆ ಹಾಗೂ ಶಿಕ್ಷಣತಜ್ಞೆ. ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ (ಎಂ.ಐ.ಟಿ.) ಪ್ರವೇಶ ಪಡೆದ ಮೊದಲ ಮಹಿಳೆ ಇವರು. ಗೃಹವಿಜ್ಞಾನವನ್ನು ಒಂದು ಶಾಸ್ತ್ರವಾಗಿ ರೂಪಿಸಿದವರಲ್ಲಿ ಅಗ್ರಗಣ್ಯರು. ಬೇಕಿಂಗ್, ಪೋಷಣೆ, ಶಿಶು ವಿಕಾಸ ಮೊದಲಾದವು ಇಂದು ಅಮೆರಿಕದ ಪ್ರೌಢಶಾಲೆಗಳಲ್ಲಿ ಐಚ್ಛಿಕ ವಿಷಯಗಳಾಗಿವೆ. ಇವುಗಳ ಬೇರುಗಳು ಬಹುಮಟ್ಟಿಗೆ ಇವರು ಮುನ್ನಡೆಸಿದ ಚಳವಳಿಯಲ್ಲಿವೆ.

ಬಾಲ್ಯ ಮತ್ತು ಶಿಕ್ಷಣ

ಮ್ಯಾಸಚೂಸೆಟ್ಸ್ ರಾಜ್ಯದ ಡನ್‌ಸ್ಟೇಬಲ್ ಎಂಬಲ್ಲಿ ಪೀಟರ್ ಸ್ವಾಲೋ ಮತ್ತು ಫ್ಯಾನಿ ಟೇಲರ್ ದಂಪತಿಯ ಏಕಮಾತ್ರ ಸಂತಾನವಾಗಿ ಜನಿಸಿದರು. ಆರಂಭಿಕ ಶಿಕ್ಷಣ ಮನೆಯಲ್ಲಿಯೇ ನಡೆಯಿತು. 1859ರಲ್ಲಿ ಕುಟುಂಬವು ವೆಸ್ಟ್‌ಫರ್ಡ್‌ಗೆ ಬಂದ ಬಳಿಕ ಅಲ್ಲಿನ ಅಕಾಡೆಮಿಯಲ್ಲಿ ಓದಿದರು. ತಂದೆಯ ಅಂಗಡಿಯಲ್ಲಿ ದುಡಿದು, ಪಾಠ ಹೇಳಿ, ಮನೆಗೆಲಸವನ್ನೂ ಮಾಡಿ ಕೂಡಿಟ್ಟ ಹಣದಿಂದ 1868ರಲ್ಲಿ ವಾಸರ್ ಕಾಲೇಜನ್ನು ಸೇರಿ, 1870ರಲ್ಲಿ ಪದವಿ ಪಡೆದರು.

ಅದೇ ವರ್ಷದ ಕೊನೆಯಲ್ಲಿ ಎಂ.ಐ.ಟಿ. ಇವರನ್ನು ವಿಶೇಷ ವಿದ್ಯಾರ್ಥಿನಿಯಾಗಿ ಸೇರಿಸಿಕೊಂಡಿತು. ಶುಲ್ಕವನ್ನು ತೆಗೆದುಕೊಳ್ಳಲಿಲ್ಲ. ಬಡತನವನ್ನು ಕಂಡು ತೋರಿದ ಔದಾರ್ಯವೆಂದೇ ಇವರು ಅದನ್ನು ಭಾವಿಸಿದ್ದರು. ಯಾರಾದರೂ ಆಕ್ಷೇಪಿಸಿದರೆ ಈಕೆ ತಮ್ಮ ವಿದ್ಯಾರ್ಥಿನಿಯಲ್ಲವೆಂದು ಹೇಳಲು ಸಂಸ್ಥೆಯು ಮಾಡಿಕೊಂಡಿದ್ದ ಏರ್ಪಾಡು ಅದೆಂಬುದು ತಿಳಿದದ್ದು ಅನಂತರ. 1873ರಲ್ಲಿ ಎಂ.ಐ.ಟಿ.ಯಿಂದ ಬಿ.ಎಸ್. ಪದವಿಯನ್ನೂ, ಕಬ್ಬಿಣದ ಅದಿರಿನಲ್ಲಿರುವ ವೆನೇಡಿಯಂ ಕುರಿತ ಪ್ರಬಂಧಕ್ಕಾಗಿ ವಾಸರ್‌ನಿಂದ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಸಂಶೋಧನೆಯನ್ನು ಮುಂದುವರಿಸಿದರೂ ಎಂ.ಐ.ಟಿ. ಡಾಕ್ಟರೇಟ್ ನೀಡಲಿಲ್ಲ. 1875ರಲ್ಲಿ ಗಣಿಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಹ್ಯಾಲೊವೆಲ್ ರಿಚರ್ಡ್ಸ್ ಅವರನ್ನು ವಿವಾಹವಾದರು. ಈ ದಂಪತಿಗೆ ಮಕ್ಕಳಿರಲಿಲ್ಲ.

ಪ್ರಯೋಗಾಲಯದಲ್ಲಿ

1876ರಲ್ಲಿ ಬಾಸ್ಟನ್‌ನ ಮಹಿಳಾ ಶಿಕ್ಷಣ ಸಂಘದ ನೆರವಿನಿಂದ ಎಂ.ಐ.ಟಿ.ಯಲ್ಲಿ ಮಹಿಳಾ ಪ್ರಯೋಗಾಲಯ ಆರಂಭವಾಯಿತು. ರಿಚರ್ಡ್ಸ್ ಅಲ್ಲಿ ಸಂಬಳವಿಲ್ಲದೆ ದುಡಿದುದಲ್ಲದೆ, ವರ್ಷಕ್ಕೆ ಸುಮಾರು 1000 ಡಾಲರ್‌ಗಳನ್ನು ಕೈಯಿಂದಲೇ ಕೊಡುತ್ತಿದ್ದರು. ಮಹಿಳೆಯರಿಗೆ ನಿಯತ ಪ್ರವೇಶ ದೊರೆತ ಬಳಿಕ, 1883ರಲ್ಲಿ, ಅದನ್ನು ಮುಚ್ಚಲಾಯಿತು. ಮರುವರ್ಷ ನೈರ್ಮಲ್ಯ ರಸಾಯನಶಾಸ್ತ್ರದ ಬೋಧಕಿಯಾಗಿ ನೇಮಕಗೊಂಡು, ಮರಣದವರೆಗೂ ಅದೇ ಹುದ್ದೆಯಲ್ಲಿದ್ದರು. ಪ್ರಾಧ್ಯಾಪಕಿಯ ಪದವಿ ಕೊನೆಯವರೆಗೂ ಬರಲಿಲ್ಲ.

1887ರಿಂದ ರಾಜ್ಯದ ಆರೋಗ್ಯ ಮಂಡಳಿಗಾಗಿ ಸಾವಿರಾರು ನೀರಿನ ಮಾದರಿಗಳನ್ನು ಪರೀಕ್ಷಿಸಿದರು. ಕಡಲಿನಿಂದ ಒಳನಾಡಿಗೆ ಹೋದಂತೆ ನೀರಿನಲ್ಲಿ ಸಹಜವಾಗಿರುವ ಕ್ಲೋರೈಡ್ ಅಂಶ ಕಡಿಮೆಯಾಗುತ್ತದೆ. ಒಂದು ಸ್ಥಳದ ಸಹಜ ಪ್ರಮಾಣಕ್ಕಿಂತ ಹೆಚ್ಚು ಕಂಡುಬಂದರೆ ಚರಂಡಿ ನೀರು ಬೆರೆತಿದೆಯೆಂದು ಊಹಿಸಬಹುದು. ಈ ತತ್ತ್ವದ ಮೇಲೆ ಸಿದ್ಧವಾದ ಕ್ಲೋರಿನ್ ನಕ್ಷೆಯು ಇವರ ವೈಜ್ಞಾನಿಕ ಕಾರ್ಯಗಳಲ್ಲಿ ಅತ್ಯಂತ ಮಹತ್ತ್ವದ್ದು.

ಅಡುಗೆಮನೆಯ ರಸಾಯನಶಾಸ್ತ್ರ

1880ರ ದಶಕದ ಆರಂಭದಲ್ಲಿ ಅಡುಗೆ ಮತ್ತು ಶುಚಿಕಾರ್ಯಗಳ ರಸಾಯನಶಾಸ್ತ್ರವನ್ನು ಕುರಿತು ಗೃಹಿಣಿಯರಿಗಾಗಿ ಕಿರುಪುಸ್ತಕವೊಂದನ್ನು ಪ್ರಕಟಿಸಿದರು. ಯೀಸ್ಟ್ ಸಕ್ಕರೆಯನ್ನು ಒಡೆದು ಬಿಡುವ ಇಂಗಾಲದ ಡೈಆಕ್ಸೈಡ್ ಕಣಕವನ್ನು ಹೇಗೆ ಉಬ್ಬಿಸುತ್ತದೆ, ಅಡುಗೆ ಸೋಡಾಕ್ಕೆ ಆಮ್ಲವೊಂದು ಜೊತೆಗೂಡಬೇಕೇಕೆ ಎಂಬಂಥ ವಿಷಯಗಳು ಅದರಲ್ಲಿವೆ. ಬ್ರೆಡ್ಡಿನ ಹದ ಕೈಗುಣದ ಮಾತಲ್ಲ, ಅಳೆಯಬಹುದಾದ ಕ್ರಿಯೆ ಎಂಬ ನಿಲುವು ಬೇಕಿಂಗ್ ತರಗತಿಗಳಿಗೆ ಇಂದಿಗೂ ತಳಹದಿ. ಮುಂದೆ ಆಹಾರದ ಕಲಬೆರಕೆಯನ್ನು ಕುರಿತೂ ಗ್ರಂಥ ರಚಿಸಿದರು.

1890ರಲ್ಲಿ ಮೇರಿ ಹಿನ್‌ಮನ್ ಏಬೆಲ್ ಅವರೊಡನೆ ಬಾಸ್ಟನ್‌ನಲ್ಲಿ ನ್ಯೂ ಇಂಗ್ಲೆಂಡ್ ಕಿಚನ್ ಎಂಬ ಸಾರ್ವಜನಿಕ ಅಡುಗೆಮನೆಯನ್ನು ತೆರೆದರು. ಬಡವರಿಗೆ ಅಗ್ಗದ ದರದಲ್ಲಿ ಪೌಷ್ಟಿಕ ಆಹಾರ ಒದಗಿಸುವುದು, ಅದು ತಯಾರಾಗುವ ಬಗೆಯನ್ನು ಅವರೆದುರೇ ತೋರಿಸುವುದು ಉದ್ದೇಶವಾಗಿತ್ತು. ಆದರೆ ಯೂರೋಪಿನಿಂದ ವಲಸೆ ಬಂದಿದ್ದ ಕುಟುಂಬಗಳಿಗೆ ಆ ಸಪ್ಪೆ ಊಟ ರುಚಿಸಲಿಲ್ಲ. ಪೋಷಕಾಂಶಗಳ ಲೆಕ್ಕ ಸರಿಯಿದ್ದರೂ ನಾಲಗೆಯ ನೆನಪನ್ನು ಯೋಜನೆಯು ಗಣನೆಗೆ ತಂದುಕೊಂಡಿರಲಿಲ್ಲ. ಈ ಪ್ರಯತ್ನಕ್ಕೆ ನಿಜವಾದ ನೆಲೆ ಸಿಕ್ಕಿದ್ದು ಶಾಲೆಗಳಲ್ಲಿ: 1894ರಿಂದ ಬಾಸ್ಟನ್‌ನ ಪ್ರೌಢಶಾಲೆಗಳಿಗೆ ಮಧ್ಯಾಹ್ನದ ಊಟ ಇಲ್ಲಿಂದಲೇ ಹೋಗತೊಡಗಿತು. ಅದಕ್ಕೆ ಮುನ್ನ, 1893ರ ಷಿಕಾಗೋ ವಿಶ್ವಮೇಳದಲ್ಲಿ ನಡೆಸಿದ ರಮ್‌ಫರ್ಡ್ ಕಿಚನ್‌ನಲ್ಲಿ ತಿನಿಸುಗಳ ಪೋಷಕಾಂಶಗಳನ್ನು ಗ್ರಾಹಕರಿಗೆ ಲಿಖಿತವಾಗಿ ತಿಳಿಸುವ ವ್ಯವಸ್ಥೆಯಿತ್ತು.

ಗೃಹವಿಜ್ಞಾನದ ಸಂಘಟನೆ

1899ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್‌ನಲ್ಲಿ ಸೇರಿದ ಸಣ್ಣ ಸಮ್ಮೇಳನಕ್ಕೆ ರಿಚರ್ಡ್ಸ್ ಅಧ್ಯಕ್ಷರಾಗಿದ್ದರು. ಹೊಸ ವಿಷಯಕ್ಕೆ ಹೋಮ್ ಎಕನಾಮಿಕ್ಸ್ ಎಂಬ ಹೆಸರು ನಿರ್ಧಾರವಾದದ್ದು ಅಲ್ಲಿಯೇ. ಶಾಲಾಕಾಲೇಜುಗಳ ಪಠ್ಯಕ್ರಮ, ಶಿಕ್ಷಕಿಯರ ತರಬೇತಿ ಮೊದಲಾದವುಗಳ ಮೇಲಿನ ಚರ್ಚೆ 1908ರವರೆಗೂ ವಾರ್ಷಿಕ ಸಮ್ಮೇಳನಗಳಲ್ಲಿ ಮುಂದುವರಿಯಿತು. ಇದರ ಫಲವಾಗಿ ಹುಟ್ಟಿದ ಅಮೆರಿಕನ್ ಹೋಮ್ ಎಕನಾಮಿಕ್ಸ್ ಸಂಘಕ್ಕೆ ಇವರೇ ಮೊದಲ ಅಧ್ಯಕ್ಷೆ.

1910ರಲ್ಲಿ ಪ್ರಕಟವಾದ ಯೂಥೆನಿಕ್ಸ್ ಎಂಬ ಗ್ರಂಥದಲ್ಲಿ, ಗಾಳಿ, ನೀರು, ಆಹಾರ, ವಸತಿಗಳನ್ನು ಸುಧಾರಿಸುವ ಮೂಲಕ ಈಗಿನ ತಲೆಮಾರಿನ ಬದುಕನ್ನೇ ಉತ್ತಮಗೊಳಿಸಬಹುದೆಂದು ಪ್ರತಿಪಾದಿಸಿದರು. ವಂಶವಾಹಿಯ ಸುಧಾರಣೆಯ ಮಾತು ಪ್ರಬಲವಾಗಿದ್ದ ಕಾಲವದು. ಪರಿಸರದ ಕಡೆಗೆ ಗಮನ ಸೆಳೆದುದು ಗಮನಾರ್ಹವಾದರೂ ಇವರು ಆ ವಾದವನ್ನು ತಿರಸ್ಕರಿಸಿರಲಿಲ್ಲ. 1920ರ ದಶಕದಲ್ಲಿ ವಾಸರ್ ಕಾಲೇಜು ಇದೇ ಹೆಸರಿನ ವಿಭಾಗವನ್ನು ಸ್ಥಾಪಿಸಿತು. ಶಿಶು ಅಧ್ಯಯನವು ಅದರ ಭಾಗವಾಗಿತ್ತು.

ನಿಧನ ಮತ್ತು ಪ್ರಭಾವ

1910ರಲ್ಲಿ ಸ್ಮಿತ್ ಕಾಲೇಜು ಗೌರವ ಡಾಕ್ಟರೇಟ್ ನೀಡಿತು. ಮರುವರ್ಷ ಬಾಸ್ಟನ್‌ನ ಜಮೈಕಾ ಪ್ಲೇನ್‌ನಲ್ಲಿ ನಿಧನರಾದರು.

1917ರ ಸ್ಮಿತ್–ಹ್ಯೂಸ್ ಕಾಯಿದೆಯು ಪ್ರೌಢಶಾಲೆಗಳಲ್ಲಿ ಗೃಹವಿಜ್ಞಾನ ಬೋಧನೆಗೆ ಒಕ್ಕೂಟ ಸರ್ಕಾರದ ಹಣವನ್ನು ಒದಗಿಸಿತು. ವಿಷಯವು ದೇಶದಾದ್ಯಂತ ಹರಡಿತಾದರೂ ರಸಾಯನಶಾಸ್ತ್ರ ಹಿಂದೆ ಸರಿದು ಹೊಲಿಗೆ, ಅಡುಗೆಗಳೇ ಹಲವೆಡೆ ಮುಂದಾದವು. ವಿಜ್ಞಾನ ಓದಿದ ಮಹಿಳೆಯರಿಗೆ ಗೃಹವಿಜ್ಞಾನ ವಿಭಾಗಗಳು ಉದ್ಯೋಗ ಕೊಟ್ಟವು. ಇತರ ವಿಭಾಗಗಳು ಅವರನ್ನು ಹೊರಗಿಡಲು ಅದನ್ನೇ ನೆಪವಾಗಿಸಿಕೊಂಡವೆಂಬ ಟೀಕೆಯೂ ಇದೆ. ಹೆಣ್ಣುಮಕ್ಕಳಿಗಷ್ಟೇ ಮೀಸಲೆನಿಸಿದ್ದ ಈ ತರಗತಿಗಳಿಗೆ ಕ್ರಮೇಣ ಗಂಡುಮಕ್ಕಳೂ ಸೇರತೊಡಗಿದರು. ರಿಚರ್ಡ್ಸ್ ಸ್ಥಾಪಿಸಿದ ಸಂಘವು 1994ರಲ್ಲಿ ತನ್ನ ಹೆಸರಿನಿಂದ ಹೋಮ್ ಎಕನಾಮಿಕ್ಸ್ ಎಂಬುದನ್ನು ಕೈಬಿಟ್ಟು, ಕುಟುಂಬ ಮತ್ತು ಗ್ರಾಹಕ ವಿಜ್ಞಾನಗಳ ಸಂಘವಾಯಿತು.