ಮೈಕ್ ಯಾರ ಕೈಗೆ ಕೊಡ್ತೀರಿ?

ನಾವು ಈಗ ಓದಿದ್ದು 2 ತಿಮೊಥೆಯ 2:2. ಪೌಲನು ತಿಮೊಥೆಯನಿಗೆ ಕಲಿಸಿದ, ತಿಮೊಥೆಯ ನಂಬಿಗಸ್ತರಿಗೆ ಕಲಿಸಬೇಕು, ಅವರು ಇನ್ನೊಬ್ಬರಿಗೆ. ಒಂದೇ ವಚನದಲ್ಲಿ ನಾಲ್ಕು ತಲೆಮಾರು!

ನಿಮ್ಮಲ್ಲಿ ಹೆಚ್ಚಿನವರು ಬೆಂಗಳೂರಿಂದ ರಜೆಗೆ ಬೆಳ್ತಂಗಡಿಗೆ ಬಂದವರು. ಹಾಗಾಗಿ ನಮ್ಮ ಸೀಮೆಯಲ್ಲೇ ಈ ವಚನವನ್ನು ಬದುಕಿ ತೋರಿಸಿದ ಒಬ್ಬರ ಬಗ್ಗೆ ಹೇಳ್ತೇನೆ. ಹರ್ಮನ್ ಮೊಗ್ಲಿಂಗ್. ಜರ್ಮನಿಯಲ್ಲಿ 1811ರಲ್ಲಿ ಹುಟ್ಟಿದವರು, 1836ರಲ್ಲಿ ಬಾಸೆಲ್ ಮಿಶನ್ ಸೇವೆಗಾಗಿ ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಇಷ್ಟು ಎಲ್ಲರಿಗೂ ಗೊತ್ತು. ನನ್ನನ್ನು ಮುಟ್ಟಿದ್ದು ಬೇರೆ ವಿಷಯ.

ಅವರು ವಿದ್ಯಾರ್ಥಿಗಳ ಜೊತೆಯೇ ವಾಸಮಾಡಿದರು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ತಗೊಂಡಾಗ ಊರೇ ಎದ್ದು ನಿಂತಿತು. ಮೊಗ್ಲಿಂಗ್ ಆ ಹುಡುಗನನ್ನು ಕೈಬಿಡಲಿಲ್ಲ. ತನ್ನ ಸಹಾಯಕನಾಗಿ ಇಟ್ಕೊಂಡಿದ್ದರೆ ಅವರಿಗೇ ಸುಲಭವಾಗ್ತಿತ್ತು. ಆದರೆ ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಬೋಧಕರಾಗಿ ಅಭಿಷೇಕ ಹೊಂದಿ, ಮಿಶನರಿಯಾಗಿಯೇ ವಾಪಸ್ ಬಂದರು. ಶಿಷ್ಯ ಈಗ ಜೊತೆಸೇವಕ!

1853ರಲ್ಲಿ ಮೊಗ್ಲಿಂಗ್ ಕೊಡಗಿಗೆ ಹೋದರು. 1860ರಲ್ಲಿ ಜರ್ಮನಿಗೆ ಮರಳಿದರು, 1881ರಲ್ಲಿ ಅಲ್ಲೇ ತೀರಿಕೊಂಡರು. ಕೌಂಡಿನ್ಯರು ಮಾತ್ರ 1893ರಲ್ಲಿ ತೀರಿಕೊಳ್ಳುವ ತನಕ ಈ ನಾಡಿನಲ್ಲೇ ಉಳಿದರು. ಗುರು ಹೊರಟ ಮೇಲೆ ಮೂವತ್ಮೂರು ವರ್ಷ! ನಾಯಕನನ್ನು ಅಳೆಯುವುದು ಇಲ್ಲಿ ಪ್ರಿಯರೇ. ಅವನಿರುವಾಗ ಎಷ್ಟು ಜನ ಸೇರಿದರು ಅಂತಲ್ಲ, ಅವನು ಹೋದ ಮೇಲೆ ಯಾರು ನಿಂತರು ಅಂತ.

ನನ್ನ ತಪ್ಪನ್ನೂ ಹೇಳಿಬಿಡ್ತೇನೆ. ಒಂದು ಕಾಲದಲ್ಲಿ ಯೂತ್ ಮೀಟಿಂಗ್‌ನಲ್ಲಿ ಆರಾಧನೆ, ಪ್ರಾರ್ಥನೆ, ಸಂದೇಶ ಎಲ್ಲವೂ ನಾನೇ. ಟೈಫಾಯ್ಡ್ ಬಂದು ಮೂರು ವಾರ ಮಲಗಿದೆ. ಮೀಟಿಂಗ್ ನಿಂತೇಹೋಯ್ತು. ನಾನಿಲ್ಲದೆ ನಡೆಯೋದಿಲ್ಲವಲ್ಲ ಅಂತ ಒಳಗೊಳಗೆ ಖುಷಿಯಾಯ್ತು! ಆಮೇಲೆ ಪವಿತ್ರಾತ್ಮನು ಗದರಿಸಿದನು. ನಾನು ಕಟ್ಟಿದ್ದು ಸಭೆಯನ್ನಲ್ಲ, ನನ್ನ ಹೆಸರನ್ನು. ಮೋಶೆ ಯೆಹೋಶುವನ ಮೇಲೆ ಕೈಯಿಟ್ಟ. ನನ್ನ ಕೈ ಮೈಕ್ ಬಿಟ್ಟಿರಲಿಲ್ಲ.

ಈ ವಾರ ಒಂದು ಕೆಲಸ ಮಾಡಿ. ನಿಮಗಿಂತ ಚಿಕ್ಕವರೊಬ್ಬರ ಹೆಸರು ಹಿಡಿದು ಪ್ರಾರ್ಥಿಸಿ. ಕುರ್ಚಿ ಜೋಡಿಸುವ ಕೆಲಸ ಮಾತ್ರ ಅಲ್ಲ, ನಿಮಗೆ ಬಿಟ್ಟುಕೊಡಲು ಕಷ್ಟವಾಗುವ ಕೆಲಸವನ್ನೇ ಅವರಿಗೆ ಕೊಡಿ. ಆಮೇಲೆ ಹಿಂದಿನ ಸಾಲಿನಲ್ಲಿ ಕೂತು ಆಮೆನ್ ಅನ್ನಿ. ತಪ್ಪಿದರೆ ಒಬ್ಬರೇ ಇರುವಾಗ ಪ್ರೀತಿಯಿಂದ ತಿದ್ದಿ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ.